ಚಂದ್ರಗಿರಿ ದಂಡೆಯ ಹಂಚಿನ ಗೋದಾಮು

ಮಂಗಳೂರಿನಿಂದ ಬೆಳಗಿನ ರೈಲು ಹಿಡಿದು ಕಾಸರಗೋಡಿನಲ್ಲಿ ಇಳಿದಾಗ ಭಾವ ನಿಲ್ದಾಣದ ಹೊರಗೆ ಕಾಯುತ್ತಿದ್ದರು. ತಳಂಗರೆಯಲ್ಲಿ ಚಂದ್ರಗಿರಿ ಹೊಳೆಯ ದಂಡೆಗೆ ತಾಗಿ ಅವರ ಪಾಲಿಗೆ ಬಂದ ಹಂಚಿನ ಗೋದಾಮನ್ನು ಕೆಡವಿ, ಕೆಳಗೆ ಅಂಗಡಿ, ನಡುವೆ ಕಚೇರಿ, ಮೇಲೆ ಪ್ರವಾಸಿಗರ ಕೋಣೆಗಳಿರುವ ಕಟ್ಟಡವೆಬ್ಬಿಸಬಹುದೇ ಎಂದು ನೋಡುವುದಕ್ಕಾಗಿಯೇ ನನ್ನನ್ನು ಕರೆಸಿಕೊಂಡಿದ್ದರು.

ದಾರಿಯಲ್ಲಿ ಹಳೆಯ ಪೇಟೆಯನ್ನು ನಡೆದೇ ದಾಟಿದೆವು. ಕೆಳಗೆ ಜವಳಿ ಅಂಗಡಿ, ಮಹಡಿಯಲ್ಲಿ ಸಂಸಾರ, ಹಿಂದೆ ಸರಕಿನ ಕೋಣೆ: ಮಿಶ್ರ ಬಳಕೆಯ ಕಟ್ಟಡವೆಂದು ಈಗಿನ ಯೋಜಕರು ನಕ್ಷೆಯಲ್ಲಿ ಬರೆಯುವುದನ್ನು ಈ ಪೇಟೆಯ ವರ್ತಕರು ಹೆಸರಿನ ಹಂಗಿಲ್ಲದೆ ಎಂದೋ ಕಟ್ಟಿ ಬಾಳಿದ್ದಾರೆ.

ತಳಂಗರೆಯಲ್ಲಿ ಮಾಲಿಕ್ ದೀನಾರ್ ಮಸೀದಿಯನ್ನು ದಾಟಿ ದಂಡೆಗೆ ಬಂದಾಗ ಉಬ್ಬರದ ನೀರು ಗೋದಾಮಿನ ಕಲ್ಲುಕಟ್ಟೆಯ ಬುಡಕ್ಕೆ ಬಂದಿತ್ತು. ಎದುರು ದಂಡೆಯ ಎತ್ತರದಲ್ಲಿ ಹದಿನೇಳನೆಯ ಶತಮಾನದ ಚಂದ್ರಗಿರಿ ಕೋಟೆ. ಈ ನೋಟಕ್ಕೇ ಬೆಲೆ ಎಂದು ಭಾವ ಹೇಳಿದರು. ನಾನು ನೋಡುತ್ತಿದ್ದದ್ದು ಕಟ್ಟೆಯ ಮೇಲೆ ಉಪ್ಪು ಬಿಟ್ಟ ಬಿಳಿಯ ಗೆರೆಯನ್ನು. ಹೊಳೆ ಸಮುದ್ರವಲ್ಲವಲ್ಲ ಎಂಬುದು ಅವರ ವಾದವಾಗಿತ್ತು. ಆದರೆ ಕಡಲ ದಂಡೆಯ ಬಳಿ ಕಟ್ಟಡಗಳಿಗೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ಹೊಳೆಯನ್ನು ಹೆಸರಿನಿಂದಲ್ಲ, ಉಪ್ಪಿನಿಂದ ಅಳೆಯುತ್ತದೆ: ವರ್ಷದ ಅತಿ ಒಣ ಅವಧಿಯಲ್ಲಿ ನೀರಿನಲ್ಲಿ ಸಾವಿರಕ್ಕೆ 5 ಭಾಗ ಉಪ್ಪು ಸಿಗುವವರೆಗೂ ಉಬ್ಬರದ ಪ್ರಭಾವವಿದೆಯೆಂದು ಲೆಕ್ಕ, ಅಲ್ಲಿಯವರೆಗೆ ದಂಡೆಗಳೆರಡೂ ಆ ನಿಯಮದೊಳಗೆ. ನಗರ ಬೆಳೆದ ಪ್ರದೇಶವೆಂದು ಗುರುತಿಸಿದ ಎರಡನೆಯ ವರ್ಗದಲ್ಲಿ ಅಧಿಕೃತ ಕಟ್ಟಡವನ್ನು ಮರಳಿ ಕಟ್ಟಲು ಅವಕಾಶವಿದ್ದರೂ, ಈಗಿನ ಭೂಬಳಕೆ ಬದಲಾಗಬಾರದು. ಹೊಸ ಕಟ್ಟಡವಾದರೆ ಈಗಿರುವ ರಸ್ತೆಯ ಅಥವಾ ಅಧಿಕೃತ ಕಟ್ಟಡದ ಗೆರೆಯಿಂದ ನೆಲದ ಕಡೆಗೇ ಇರಬೇಕು. ಅಂದರೆ ಭಾವನ ಆಸ್ತಿ ನಿಂತಿರುವುದು ಸೆಂಟ್ಸಿನ ಲೆಕ್ಕದ ಮೇಲಲ್ಲ, ಹಂಚಿನ ಆ ಮುದಿ ಗೋದಾಮು ಅಧಿಕೃತವೋ ಅಲ್ಲವೋ ಎಂಬುದರ ಮೇಲೆ. ಅದನ್ನು ಅವಸರದಿಂದ ಕೆಡವಿದರೆ ಕೆಡುವುದು ಅದು ಅಧಿಕೃತವೆಂಬ ದಾಖಲೆಯ ಬಲವೇ.

ಮಧ್ಯಾಹ್ನ ಬೇಕಲಕ್ಕೆ ಹೋದೆವು. 1995ರಲ್ಲಿ ಅಲ್ಲಿಗಾಗಿ ಸರಕಾರದ ನಿಗಮವೊಂದು ಸ್ಥಾಪನೆಯಾಗಿ, ಜಾಗ ಪಡೆದು ವಿಹಾರಧಾಮಗಳಿಗೆ ಗುತ್ತಿಗೆಗೆ ಕೊಟ್ಟದ್ದು ಈ ಭಾಗದ ದೊಡ್ಡ ಪ್ರಯೋಗ. ಅಂದವಾಗಿವೆ, ನಿಜ, ಆದರೆ ಗೇಟಿನೊಳಗಿನ ಆ ಅಂದಕ್ಕೂ ಹೊರಗಿನ ಬಂಡಿಯ ಎಳನೀರಿಗೂ ಹೆಚ್ಚಿನ ಸಂಬಂಧ ಕಾಣಲಿಲ್ಲ. ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ ನೆನಪಾಯಿತು. 1867ರಲ್ಲಿ ಆರಂಭವಾದ ವ್ಯಾಪಾರ ಸಂಸ್ಥೆಯ ಆ ದಂಡೆಯ ಕಟ್ಟಡಗಳಲ್ಲಿ 2012ರಲ್ಲಿ ಬಿನಾಲೆ ಎಂಬ, ಎರಡು ವರ್ಷಕ್ಕೊಮ್ಮೆಯ ಕಲಾ ಪ್ರದರ್ಶನ ನಡೆದಾಗ, ಗೋಡೆಗಳನ್ನು ಉಳಿಸಿಕೊಂಡೇ ಹೊಸ ಜನರನ್ನು ಒಳಗೆ ಕರೆದಿದ್ದರು. ನೆರಳು, ಗಾಳಿ, ದೊಡ್ಡ ಹಜಾರ, ಇವೆಲ್ಲ ಭಾವನ ಗೋದಾಮಿನಲ್ಲೂ ಉಂಟು.

ಸಂಜೆ ಮನೆಯಲ್ಲಿ ಭಾವ ತಗಡಿನ ಪೆಟ್ಟಿಗೆ ತೆಗೆದು ಕಟ್ಟಡ ತೆರಿಗೆಯ ರಸೀದಿಗಳನ್ನು ಹರಡಿದರು. ಎಲ್ಲವೂ ಮಲಯಾಳದಲ್ಲಿದ್ದವು, ನಮ್ಮಿಬ್ಬರಿಗೂ ಓದಲು ಬಾರದು. ಪಕ್ಕದ ಮನೆಯ ಹುಡುಗಿಯನ್ನು ಕರೆಸಿದೆವು. ಬಳಕೆಯ ಕಾಲಮಿನ ಮೇಲೆ ಬೆರಳಿಟ್ಟು ಅವಳು ಓದಿದಳು: "ಗೋದಾಮು ಅಂತಲೇ ಉಂಟು ಮಾವ, ಎಲ್ಲದರಲ್ಲಿಯೂ."