ಕೆವಿನ್‌ಗೆ ಗೊತ್ತಿಲ್ಲದ ಹಾಡುಗಾರ

13 ಡಿಸೆಂಬರ್ 2020, ಭಾನುವಾರ, ಮೈಸೂರು

ಬೆಳಿಗ್ಗೆ ಹಾಲು ಕಾಯೋಕಿಟ್ಟು ಫೋನ್ ನೋಡ್ತಾ ನಿಂತಿದ್ದೆ, ಚಾರ್ಲಿ ಪ್ರೈಡ್ ಹೋಗ್ಬಿಟ್ರಂತೆ. ನಿನ್ನೆ, ಡಲ್ಲಾಸ್‌ನಲ್ಲಿ, ಕೊರೊನಾ, 86 ವರ್ಷ. ಅಷ್ಟರಲ್ಲಿ ಹಾಲು ಉಕ್ಕಿ ಸ್ಟವ್ ಮೇಲೆಲ್ಲ ಹರೀತು. ಅಮ್ಮ ಓಡಿ ಬಂದು ಗ್ಯಾಸ್ ಆಫ್ ಮಾಡಿ "ಯಾರೋ ಹೋಗಿದ್ದು?" ಅಂದ್ರು. ಅಮೆರಿಕಾದ ಹಾಡುಗಾರ ಕಣಮ್ಮ ಅಂದೆ. "ನಿನಗೆ ಹೆಂಗೋ ಪರಿಚಯ?"

ಪರಿಚಯ ಅಂದ್ರೆ 2004ರದ್ದು. ಆಗ ನಾನು ಬೆಂಗಳೂರಲ್ಲಿ ಒಂದು ಕಾಲ್ ಸೆಂಟರ್‌ನಲ್ಲಿ ನೈಟ್ ಶಿಫ್ಟು. ಅಲ್ಲಿ ನನ್ನ ಹೆಸರು ಕೆವಿನ್, ಊರು ಓಹಾಯೊ. ನಾನು ಆರಿಸ್ಕೊಂಡಿದ್ದಲ್ಲ, ಟ್ರೈನಿಂಗಲ್ಲಿ ಕೊಟ್ಟಿದ್ದು. ನಾಲಿಗೆ ಹೆಂಗೆ ಮಡಚ್ಬೇಕು, ಎಲ್ಲಿ ನಗ್ಬೇಕು ಎಲ್ಲಾ ಹೇಳ್ಕೊಟ್ರು. ಒಂದು ರಾತ್ರಿ ಟೆನ್ನೆಸ್ಸೀ ಕಡೆಯ ಒಬ್ರು ಅಜ್ಜಿ ಬಿಲ್ ವಿಷಯಕ್ಕೆ ಫೋನ್ ಮಾಡಿದ್ರು, ನಮ್ಮ ಸಿಸ್ಟಮ್ಮು ಎಂದಿನಂತೆ ತೂಕಡಿಸ್ತಿತ್ತು, ಆ ಕಡೆ ರೇಡಿಯೋದಲ್ಲಿ ಯಾರೋ ಹಾಡ್ತಿದ್ರು, ದಪ್ಪ ದನಿ, ಆರಾಮಾಗಿ, ಊಟ ಆದ್ಮೇಲೆ ಜಗಲಿ ಮೇಲೆ ಕೂತು ಮಾತಾಡ್ದಂಗೆ. ತಡೀಲಾರದೆ ಯಾರಮ್ಮ ಹಾಡ್ತಿರೋದು ಅಂತ ಕೇಳ್ಬಿಟ್ಟೆ. ಆಯಮ್ಮ ಒಂದು ಕ್ಷಣ ಸುಮ್ನಾದ್ರು. ಚಾರ್ಲಿ ಪ್ರೈಡ್ ಗೊತ್ತಿಲ್ವಾ, ಯಾವೂರಪ್ಪ ನಿಂದು ಅಂದ್ರು. ಸಿಕ್ಕಾಕೊಂಡೆ! ಓಹಾಯೊ ಅಂತ ತೊದಲ್ದೆ. ಅವರು ನಕ್ಕರು ಅಷ್ಟೇ, ಮುಂದಕ್ಕೆ ಕೇಳ್ಲಿಲ್ಲ. ಕಾಲ್ ಕೇಳಿಸ್ಕೊಂಡ ಕ್ವಾಲಿಟಿಯವರು ಮಾತ್ರ ಮಾರ್ಕ್ಸ್ ಕತ್ರಿಸಿದ್ರು.

ಶಿಫ್ಟ್ ಮುಗಿಸಿ ಸೈಬರ್ ಕೆಫೇಗೆ ಹೋಗಿ ಹುಡುಕ್ದೆ. ಫೋಟೋ ನಿಧಾನಕ್ಕೆ ಮೇಲಿಂದ ಕೆಳಗೆ ಇಳೀತು. ಕಪ್ಪು ಮನುಷ್ಯ! ಅವರು ಹಾಡ್ತಿದ್ದದ್ದು ಕಂಟ್ರಿ, ಅಮೆರಿಕಾದ ಹಳ್ಳಿ ಕಡೆಯ ಹಾಡು; ಕಂಟ್ರಿ ಅಂದ್ರೆ ಬಿಳಿಯರ ಹಾಡು, ದೊಡ್ಡ ಟೋಪಿ, ಗಿಟಾರು ಅಂತ ಅಂದ್ಕೊಂಡಿದ್ದ ನನಗೆ ನನ್ನ ಮೇಲೇ ನಗು ಬಂತು. ಆಮೇಲೆ ಓದ್ತಾ ಹೋದ್ರೆ ಗೊತ್ತಾಯ್ತು, ಆ ಮನುಷ್ಯನ ರೆಕಾರ್ಡ್ ಕಂಪನಿಯವರೂ ಇದೇ ಬಚ್ಚಿಡೋ ಆಟ ಆಡಿದ್ರು ಅಂತ.

1934ರಲ್ಲಿ ಮಿಸ್ಸಿಸ್ಸಿಪ್ಪಿಯ ಸ್ಲೆಡ್ಜ್ ಅನ್ನೋ ಊರಲ್ಲಿ ಹುಟ್ಟಿದ್ದು, 11 ಮಕ್ಕಳ ಮನೆ, ಬೇರೆಯವರ ಹತ್ತಿ ಹೊಲ ಪಾಲಿಗೆ ಮಾಡ್ಕೊಂಡು ಬದುಕೋರು. ಶನಿವಾರ ರಾತ್ರಿ ಅಪ್ಪ ರೇಡಿಯೋದಲ್ಲಿ ನ್ಯಾಶ್ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ಅನ್ನೋ ಕಂಟ್ರಿ ಹಾಡಿನ ಕಾರ್ಯಕ್ರಮ ಹಾಕ್ತಿದ್ರಂತೆ, ಹುಡುಗ ಅದನ್ನೇ ಹಾಡ್ಕೊಂಡು ತಿರುಗ್ತಿದ್ದ. ಬಿಳಿಯರ ಹಾಡು ನಿನಗ್ಯಾಕೋ ಅಂತ ಅಕ್ಕ ತಂಗೀರೇ ರೇಗಿಸ್ತಿದ್ರು. 14 ವರ್ಷಕ್ಕೆ ಗಿಟಾರ್ ತಗೊಂಡ, ಆದ್ರೆ ಕನಸು ಬೇಸ್‌ಬಾಲ್ ಆಟಗಾರ ಆಗೋದು. ಕಪ್ಪು ಜನಕ್ಕಂತಲೇ ಇದ್ದ ನೀಗ್ರೋ ಲೀಗ್‌ಗಳಲ್ಲಿ ಆಡ್ದ. ಒಂದು ಸಲ ಟೀಮಿಗೆ ಬಸ್ ಬೇಕಾಗಿತ್ತಂತೆ, ಇವನನ್ನೂ ಇನ್ನೊಬ್ಬ ಆಟಗಾರನನ್ನೂ ಬೇರೆ ಟೀಮಿಗೆ ಕೊಟ್ಟು ಹಳೇ ಬಸ್ ತಗೊಂಡ್ರು. ಇದನ್ನ ಆಮೇಲೆ ತಾನೇ ನಗ್ತಾ ಹೇಳ್ಕೊಳ್ತಿದ್ದ.

ಅಲ್ಲಿಂದ ಸೈನ್ಯ, ಮದುವೆ, ಆಮೇಲೆ ಮೊಂಟಾನಾದ ಈಸ್ಟ್ ಹೆಲೆನಾದಲ್ಲಿ ಲೋಹ ಕರಗಿಸೋ ಫ್ಯಾಕ್ಟರಿ ಕೆಲಸ, ಬೆಂಕಿ ಮುಂದೆ. ಅಲ್ಲೂ ಫ್ಯಾಕ್ಟರಿ ಟೀಮಲ್ಲಿ ಆಟ. ಮ್ಯಾಚಿಗೆ ಮುಂಚೆ ಕಾಲು ಗಂಟೆ ಹಾಡಿದ್ರೆ 10 ಡಾಲರ್ ಜಾಸ್ತಿ ಕೊಡೋರು. ನ್ಯೂಯಾರ್ಕ್ ಮೆಟ್ಸ್ ಅನ್ನೋ ದೊಡ್ಡ ಬೇಸ್‌ಬಾಲ್ ಟೀಮಿನ ಕ್ಯಾಂಪಿಗೆ ಹೋದ್ರೆ ಆಡೋಕೂ ಬಿಡದೆ ವಾಪಸ್ ಕಳ್ಸಿದ್ರು, ಬರ್ತಾ ದಾರೀಲಿ ನ್ಯಾಶ್ವಿಲ್‌ಗೆ ಹೋದ. ಪುಣ್ಯಕ್ಕೆ ಕಳ್ಸಿದ್ರು ಅನ್ಸುತ್ತೆ ನನಗೆ.

ನ್ಯಾಶ್ವಿಲ್‌ನಲ್ಲಿ ಆರ್‌ಸಿಎ ರೆಕಾರ್ಡ್ ಕಂಪನಿಯ ಚೆಟ್ ಆಟ್ಕಿನ್ಸ್ ಟೇಪ್ ಕೇಳಿ ಸೈನ್ ಮಾಡಿಸ್ದ. 1966ರಲ್ಲಿ ಮೊದಲ ರೆಕಾರ್ಡ್ ಬಂತು. ರೇಡಿಯೋ ಸ್ಟೇಷನ್‌ಗಳಿಗೆ ಕಳ್ಸೋವಾಗ ಎಲ್ಲರ ಫೋಟೋನೂ ಇಡ್ತಿದ್ರು, ಇವರದ್ದು ಮಾತ್ರ ಇಡ್ಲಿಲ್ಲ. ಹೆಸರು "ಕಂಟ್ರಿ ಚಾರ್ಲಿ ಪ್ರೈಡ್" ಅಂತ. ಜನ ದನಿ ಕೇಳಿ ಮೆಚ್ಕೊಂಡ್ರು. ಅದೇ ವರ್ಷ ಡೆಟ್ರಾಯ್ಟ್‌ನ ದೊಡ್ಡ ಸ್ಟೇಡಿಯಂ ಶೋ, ಹೆಸರು ಕರೆದ ಕೂಡ್ಲೆ ಚಪ್ಪಾಳೆ, ಆ ಮನುಷ್ಯ ಬೆಳಕಿಗೆ ಬಂದ ಕೂಡ್ಲೆ ಚಪ್ಪಾಳೆ ಸತ್ತೋಯ್ತು. ಸಾವಿರಾರು ಜನ, ಸುಮ್ನೆ. ಅವರು ಮೈಕ್ ಹಿಡ್ಕೊಂಡು, ಬಿಸಿಲಿಗೆ ಮೈ ಕಂದಿದ ಬಣ್ಣಾನ ಎಂದೂ ಮಾಸದಂಗೆ ಬಳ್ಕೊಂಡು ಕಂಟ್ರಿ ಹಾಡೋಕೆ ಬಂದಿದ್ದು ಸ್ವಲ್ಪ ವಿಚಿತ್ರಾನೇ ಅನ್ನೋ ಥರ ಏನೋ ಅಂದ್ರಂತೆ. ಜನ ನಕ್ಕರು, ಮತ್ತೆ ಚಪ್ಪಾಳೆ, ಆಮೇಲೆ ಹಾಡು.

ಈ ಜೋಕ್ ಬಗ್ಗೆ ನನಗೆ ಇವತ್ತಿಗೂ ಎರಡು ಮನಸ್ಸು. ತಮಾಷೆ ಮಾಡಿ ಜನರನ್ನ ಸಮಾಧಾನ ಮಾಡೋ ಕೆಲಸ ಇವರ ತಲೆಗೇ ಯಾಕೆ ಬೀಳ್ಬೇಕಿತ್ತು? ಮುಜುಗರ ಆಗಿದ್ದು ಆ ಜನರಿಗೆ ತಾನೇ. ಇನ್ನೊಂದು ಕಡೆ, ಅದು ಸಿವಿಲ್ ರೈಟ್ಸ್, ಅಂದ್ರೆ ಕಪ್ಪು ಜನರ ಸಮಾನ ಹಕ್ಕಿನ ಗಲಾಟೆಯ ಕಾಲ, ಅಲ್ಲಿ ನಿಂತಿದ್ದಿದ್ರೆ ನನ್ನ ಬಾಯಿಂದ ಗಾಳಿನೂ ಬರ್ತಿರ್ಲಿಲ್ಲ. ನಾನು ಕೆವಿನ್ ಆಗಿದ್ದವನು, ಫೋಟೋ ಬಚ್ಚಿಡೋದ್ರ ಬಗ್ಗೆ ಮಾತಾಡೋಕೆ ನನಗೇನು ಬಾಯಿ ಇದೆ. ಆದ್ರೂ ಒಂದು ವ್ಯತ್ಯಾಸ ಇದೆ, ನಾನು ದನಿಯನ್ನೇ ಬದಲಾಯಿಸಿದ್ದೆ, ಅವರು ಬದಲಾಯಿಸ್ಲಿಲ್ಲ. ನೀವ್ಯಾಕೆ ಬಿಳಿಯರ ಥರ ಹಾಡ್ತೀರಿ ಅಂತ ಪತ್ರಿಕೆಯವರು ವರ್ಷಗಟ್ಟಲೆ ಕೇಳಿದ್ರು, ಇದು ನನ್ನದೇ ದನಿ ಅಂತ ಅವರೂ ವರ್ಷಗಟ್ಟಲೆ ಹೇಳಿದ್ರು.

1971ರಲ್ಲಿ "ಕಿಸ್ ಆ್ಯನ್ ಏಂಜೆಲ್ ಗುಡ್ ಮಾರ್ನಿನ್" ಹಾಡು, ಅದೇ ವರ್ಷ ಸಿಎಂಎ, ಅಂದ್ರೆ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಎಂಟರ್‌ಟೇನರ್ ಪ್ರಶಸ್ತಿ. ಒಟ್ಟು 29 ನಂಬರ್ ಒನ್ ಹಾಡು. 1976ರಲ್ಲಿ ಬಾಂಬು ಗುಂಡಿನ ಭಯಕ್ಕೆ ಉತ್ತರ ಐರ್ಲೆಂಡಿನ ಬೆಲ್ಫಾಸ್ಟ್ ಕಡೆ ಬೇರೆ ಹಾಡುಗಾರರು ತಲೆ ಹಾಕದಿದ್ದಾಗ ಇವರು ಹೋಗಿ ಹಾಡಿ ಬಂದ್ರು, ಅಲ್ಲಿನ ಜನ ಅದನ್ನ ಮರೀಲೇ ಇಲ್ಲ. 1994ರ ಆತ್ಮಕಥೆಯಲ್ಲಿ ತನಗಿದ್ದ ಮಾನಸಿಕ ಕಾಯಿಲೆ ಬಗ್ಗೆನೂ ಮುಚ್ಚುಮರೆ ಇಲ್ಲದೆ ಹೇಳ್ಕೊಂಡಿದಾರೆ. ಆದ್ರೆ ಅಪ್ಪ ರೇಡಿಯೋದಲ್ಲಿ ಹಾಕ್ತಿದ್ದ ಆ ಓಪ್ರಿಗೆ ಸದಸ್ಯ ಆಗಿದ್ದು 1993ರಲ್ಲಿ! ಇವರಿಗಿಂತ ಮುಂಚೆ ಅಲ್ಲಿದ್ದ ಕಪ್ಪು ಕಲಾವಿದ ಅಂದ್ರೆ ಮೌತ್ ಆರ್ಗನ್ ನುಡಿಸ್ತಿದ್ದ ಡಿಫೋರ್ಡ್ ಬೇಯ್ಲಿ, ಅವರನ್ನ 1941ರಲ್ಲಿ ತೆಗೆದು ಹಾಕಿದ್ರು.

ಹೋದ ತಿಂಗಳು 11ಕ್ಕೆ ನ್ಯಾಶ್ವಿಲ್‌ನಲ್ಲಿ ಸಿಎಂಎ ಜೀವಮಾನ ಪ್ರಶಸ್ತಿ ಕೊಟ್ರು, ಸಭಾಂಗಣದ ಒಳಗೇ. ಜಿಮ್ಮಿ ಅಲೆನ್ ಅನ್ನೋ ಹೊಸ ಹುಡುಗನ ಜೊತೆ ಅದೇ 71ರ ಹಾಡು ಹಾಡಿದ್ರು. ಅಲ್ಲೇ ಕೊರೊನಾ ಅಂಟಿತಾ ಅಂತ ಈಗ ಜನ ಕಿತ್ತಾಡ್ತಿದಾರೆ, ಟೆಸ್ಟ್ ನೆಗೆಟಿವ್ ಇತ್ತು ಅಂತ ಸಿಎಂಎಯವರು. 86ರ ಮುದುಕರನ್ನ ಈ ವರ್ಷ ವಿಮಾನ ಹತ್ತಿಸ್ಬೇಕಿತ್ತಾ ಅನ್ನೋದು ನನ್ನ ಪ್ರಶ್ನೆ, ಮನೇಲಿ ನಾವು ಅಮ್ಮನ್ನ ತರಕಾರಿಗೂ ಕಳ್ಸಲ್ಲ.

ಸಂಜೆ ಅಮ್ಮನಿಗೆ ಕೇಳಿಸ್ದೆ. ಫೋಟೋ ತೋರ್ಸೋ ಮೊದ್ಲು ಅಂದ್ರು, ಆಮೇಲೆ ತೋರಿಸ್ತೀನಿ ಕೇಳಮ್ಮ ಅಂದೆ. ಸೊಪ್ಪು ಬಿಡಿಸ್ತಾ ಕೇಳಿದ್ರು. ಒಂದು ಮಾತೂ ಅರ್ಥ ಆಗ್ಲಿಲ್ಲ ಆದ್ರೆ ಮನುಷ್ಯ ಅವಸರ ಮಾಡಲ್ಲ ನೋಡು ಅಂದ್ರು. ಇನ್ನೊಂದು ಹಾಕು ಅಂದ್ರು. ಮೂರ್ನಾಲ್ಕು ಹಾಡು ಆಯ್ತು, ಸೊಪ್ಪು ಮುಗೀತು, ಕುಕ್ಕರ್ ಇಡೋಕೆ ಎದ್ದು ಹೋದ್ರು. ಫೋಟೋ ವಿಷಯ ಇಬ್ಬರಿಗೂ ಮರ್ತೇ ಹೋಗಿತ್ತು.