ಎತ್ತಬೇಕಾಗಿದ್ದು ಆ ಮೀನನ್ನಲ್ಲ

ಮಡಿಕೇರಿಯ ಒಂದು ಅಕ್ವೇರಿಯಂ ಅಂಗಡಿಯಲ್ಲಿ ನನಗಿದು ಆರನೇ ಮಳೆಗಾಲ. ಮೊದಲನೇ ಮಳೆಗಾಲದಲ್ಲಿ ಮಾಡಿದ ಎಡವಟ್ಟೊಂದು ಇನ್ನೂ ಮರೆತಿಲ್ಲ.

ಮೂರ್ನಾಡು ಕಡೆಯ ಅಕ್ಕ ಒಬ್ಬರು ಒಂದು ಬ್ಲ್ಯಾಕ್ ಮೋಲಿಗೆ ಅಡ್ವಾನ್ಸ್ ಕೊಟ್ಟು ಹೋಗಿದ್ದರು. ಮೊಟ್ಟೆ ಇಡದೆ ನೇರ ಮರಿಯನ್ನೇ ಹಾಕುವ ಕಪ್ಪು ಮೀನು ಅದು. "ಹೊಟ್ಟೆ ನೋಡಿದ್ರೆ ಗಬ್ಬ ಆಗಿದೆ ಅಲ್ವಾ? ಮರಿ ಹಾಕಲಿ, ಎಲ್ಲ ಒಟ್ಟಿಗೆ ತಗೊಂಡು ಹೋಗ್ತೀನಿ" ಅಂದಿದ್ದರು.

ಹೀಗೇ ಮರಿ ಹಾಕುವ ಗಪ್ಪಿ, ಪ್ಲ್ಯಾಟಿ ಮೀನುಗಳಲ್ಲಾದರೆ ಹೊಟ್ಟೆಯ ಹಿಂದೆ, ಬಾಲ ಶುರುವಾಗುವ ಕಡೆ ಕಪ್ಪು ಮಚ್ಚೆ ಕಾಣುತ್ತದೆ. ದಿನ ತುಂಬುತ್ತಾ ಬಂದ ಹಾಗೆ ಅದು ದೊಡ್ಡದಾಗುತ್ತದೆ. ಮೈಯೆಲ್ಲ ಕಪ್ಪಿರುವ ಮೋಲಿಯಲ್ಲಿ ಮಚ್ಚೆ ಎಲ್ಲಿ ಹುಡುಕೋದು? ಹೊಟ್ಟೆಯ ಆಕಾರವನ್ನೇ ನೋಡಬೇಕು. ದುಂಡಗಿದ್ದದ್ದು ಮೂಲೆ ಬಂದ ಹಾಗೆ ಚೌಕವಾದರೆ ಇನ್ನು ಜಾಸ್ತಿ ದಿನ ಇಲ್ಲ. ಈ ಮೀನು ಹಾಗೇ ಆಗಿತ್ತು. ಹೀಟರ್ ಪಕ್ಕದ ಮೂಲೆ ಹಿಡಿದು ನಿಂತಿತ್ತು, ಫುಡ್ ಹಾಕಿದರೂ ಬರುತ್ತಿರಲಿಲ್ಲ.

ನನಗೆ ಗಾಬರಿ. ಬಲೆ ಹಾಕಿದೆ, ಅದು ತಪ್ಪಿಸಿಕೊಂಡಿತು, ಮತ್ತೆ ಹಾಕಿದೆ. ನಾಲ್ಕನೇ ಸಲಕ್ಕೆ ಹಿಡಿದು ಬ್ರೀಡಿಂಗ್ ಬಾಕ್ಸಿಗೆ ಬಿಟ್ಟೆ. ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ ಅದು, ಹುಟ್ಟಿದ ಮರಿಯನ್ನು ಬೇರೆ ಮೀನು ತಿನ್ನದಿರಲಿ ಅಂತ ಟ್ಯಾಂಕ್ ಒಳಗೇ ನೇತು ಹಾಕೋದು. ಮೀನಿಗೆ ಸರಿಯಾಗಿ ತಿರುಗಲೂ ಜಾಗ ಇರಲಿಲ್ಲ. ಆ ರಾತ್ರಿ ಕರೆಂಟ್ ಹೋಯಿತು. ಮಳೆ ಹಿಡಿದರೆ ನಮ್ಮೂರಿನ ಕರೆಂಟ್ ಕಥೆ ಗೊತ್ತಲ್ಲ!

ಬೆಳಗ್ಗೆ ನೋಡಿದರೆ ಹೀಟರ್ ನಿಂತು ನೀರು ತಣ್ಣಗೆ, 19 ಡಿಗ್ರಿ. ಡಬ್ಬಿಯ ತಳದಲ್ಲಿ ಹನ್ನೆರಡೋ ಹದಿಮೂರೋ ಮರಿ ಅಡ್ಡ ಬಿದ್ದಿದ್ದವು. ಮರಿ ಒಳಗೆ ಬೆಳೆಯುವಾಗ ಆಹಾರವಾಗುವ ಹಳದಿ ಗುಳ್ಳೆ ಹೊಟ್ಟೆಗೆ ಇನ್ನೂ ಅಂಟಿಕೊಂಡೇ ಇತ್ತು. ಅಂದರೆ ದಿನ ತುಂಬುವ ಮೊದಲೇ ಹುಟ್ಟಿದ್ದವು. ಒಂದೂ ಉಳಿಯಲಿಲ್ಲ. ಮಧ್ಯಾಹ್ನಕ್ಕೆ ತಾಯಿಯೂ ಹೋಯಿತು.

ಓನರ್ ಬೈಯಲಿಲ್ಲ. ಡಬ್ಬಿ ತೊಳೆಯುತ್ತಾ ಕೇಳಿದರು, "ಅದನ್ನ ಯಾಕೆ ಎತ್ತಿದೆ ಮಾರಾಯ? ಉಳಿದವನ್ನ ಎತ್ತಬೇಕಿತ್ತು."

ಈಗ ನಾನು ಮಾಡೋದು ಅದನ್ನೇ. ಕೊನೆಯ ದಿನಗಳಲ್ಲಿ ತಾಯಿಯನ್ನು ಮುಟ್ಟಲ್ಲ, ಬೇರೆ ಮೀನುಗಳನ್ನೇ ಪಕ್ಕದ ಟ್ಯಾಂಕಿಗೆ ಹಾಕ್ತೀನಿ. ತಾಯಿಯನ್ನೇ ಬದಲಿಸಬೇಕು ಅಂದರೆ ಎರಡು ವಾರ ಮೊದಲೇ, ಅದೇ ಟ್ಯಾಂಕಿನ ನೀರು ತುಂಬಿ ಬದಲಿಸಬೇಕು. ಲೆಕ್ಕಕ್ಕೆ ಹಿಂದಿನ ಸಲ ಮರಿ ಹಾಕಿದ ತಾರೀಖನ್ನು ಗಾಜಿನ ಮೇಲೆ ಮಾರ್ಕರ್‌ನಲ್ಲಿ ಬರೆದಿಡ್ತೀನಿ. ಗಪ್ಪಿಗೆ ಸುಮಾರು ನಾಲ್ಕು ವಾರ, ಮೋಲಿಗೆ ಇನ್ನೂ ಸ್ವಲ್ಪ ಜಾಸ್ತಿ. ಒಳಗೆ ಜಾವಾ ಮಾಸ್ ಅನ್ನೋ ನೀರಿನ ಹಾವಸೆ ದಪ್ಪಗೆ ಇರಬೇಕು, ಮರಿ ಅದರಲ್ಲಿ ಅಡಗಿಕೊಳ್ಳುತ್ತವೆ. ತಾಯಿಯೇ ಮರಿ ತಿನ್ನುತ್ತೆ ಅಂದರೆ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಅದಕ್ಕೆ ತನ್ನ ಮರಿ ಅಂತ ಗೊತ್ತಿಲ್ಲ, ಸಣ್ಣದಾಗಿ ಅಲ್ಲಾಡಿದ್ದೆಲ್ಲ ಊಟ, ಅಷ್ಟೇ. ಫಿಲ್ಟರ್ ಬಾಯಿಗೂ ಸ್ಪಂಜು ಕಟ್ಟಬೇಕು. ಇಲ್ಲದಿದ್ದರೆ ತಾಯಿ ಬಿಟ್ಟಿದ್ದನ್ನು ಫಿಲ್ಟರ್ ನುಂಗುತ್ತದೆ.

ಕರೆಂಟಿಲ್ಲದ ರಾತ್ರಿಗೆ ಟ್ಯಾಂಕಿನ ಮೂರು ಕಡೆ ಥರ್ಮೋಕೋಲ್, ಮೇಲೆ ಹಳೇ ಕಂಬಳಿ. ಗಾಳಿಗೆ ಬ್ಯಾಟರಿ ಪಂಪ್.

ಮರಿಗಳಿಗೆ ಊಟ ಕಮ್ಮಿ, ಸಲ ಜಾಸ್ತಿ. ದಿನಕ್ಕೆ ನಾಲ್ಕೈದು ಸಲ ಫ್ಲೇಕ್ಸನ್ನು ಬೆರಳಲ್ಲಿ ಪುಡಿ ಮಾಡಿ ಹಾಕಿದರೆ ಸಾಕು. ಬೇಯಿಸಿದ ಮೊಟ್ಟೆಯ ಹಳದಿಯನ್ನೂ ಬಟ್ಟೆಯಲ್ಲಿ ಹಿಂಡಿ ಕೊಡಬಹುದು, ಆದರೆ ಸಾಸಿವೆ ಕಾಳಿನಷ್ಟು ಮಾತ್ರ. ಒಮ್ಮೆ ಉದಾರವಾಗಿ ಹಾಕಿ ಸಂಜೆಗೆ ನೀರು ನಾರುವ ಹಾಗೆ ಮಾಡಿದ್ದೆ.

ಇನ್ನೊಂದು ನಮ್ಮ ಕಡೆಯ ತೊಂದರೆ. ಇಲ್ಲಿನ ನೀರು ತುಂಬ ಮೆದು, ಅಂದರೆ ಸುಣ್ಣದಂಥ ಲವಣ ಕಮ್ಮಿ. ಮೋಲಿಗೆ ಅದು ಜಾಸ್ತಿ ಇರುವ ಗಡಸು ನೀರು ಬೇಕು. ಮೆದು ನೀರಲ್ಲಿ ಅದು ಮುಂದೆ ಹೋಗದೆ ನಿಂತಲ್ಲೇ ಮೈ ಅಲ್ಲಾಡಿಸುತ್ತಾ ಇರುತ್ತದೆ. ಫಿಲ್ಟರ್‌ನಲ್ಲಿ ಒಂದು ಹಿಡಿ ಚಿಪ್ಪಿನ ಚೂರು ಹಾಕಿದರೆ ನೀರು ನಿಧಾನಕ್ಕೆ ಗಡಸಾಗುತ್ತದೆ.

"ಗಂಡೇ ಇಲ್ಲ, ಮತ್ತೆ ಹೇಗೆ ಮರಿ ಹಾಕ್ತು?" ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಹೆಣ್ಣು ಒಮ್ಮೆ ಕೂಡಿದರೆ ವೀರ್ಯವನ್ನು ಒಳಗೇ ಇಟ್ಟುಕೊಂಡು ತಿಂಗಳುಗಟ್ಟಲೆ ಮರಿ ಹಾಕುತ್ತಾ ಇರುತ್ತದೆ. ಜಾಸ್ತಿಯಾದರೆ ತೋಡಿಗೆ ಬಿಡಬೇಡಿ, ನಮ್ಮಲ್ಲಿಗೇ ತನ್ನಿ ಅಂತೀನಿ.

ಆ ಅಕ್ಕನಿಗೆ ಅಡ್ವಾನ್ಸ್ ವಾಪಸ್ ಕೊಟ್ಟು, ಆಗಿದ್ದು ಹೇಳಿದೆ. ಮುಂದಿನ ತಿಂಗಳು ಬೇರೆ ಜೋಡಿ ತಗೊಂಡು ಹೋದರು.

ಬ್ರೀಡಿಂಗ್ ಬಾಕ್ಸ್ ಈಗಲೂ ಅಂಗಡಿಯಲ್ಲಿ ನೇತಾಡುತ್ತಿದೆ. ಯಾರಾದರೂ ಕೇಳಿದರೆ ಮೊದಲು ನಾನು ಕೇಳ್ತೀನಿ, "ತಾಯಿಗಾ, ಮರಿಗಾ?" ಮರಿಗೆ ಅಂದರೆ ಬಿಲ್ ಹಾಕ್ತೀನಿ. ತಾಯಿಗೆ ಅಂದರೆ ಜಾವಾ ಮಾಸ್ ತೋರಿಸ್ತೀನಿ.