ಪತ್ರೊಡೆ ಬಿಟ್ಟರೂ ಏರಿದ ಐಎನ್‌ಆರ್

“ಸೊಪ್ಪು ಕೈಯಲ್ಲೂ ಮುಟ್ಟಲಿಲ್ಲ ಮಾರಾಯ್ರೆ, ಮತ್ತೆ ಯಾಕೆ ಹೀಗೆ?”

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಲ್ಯಾಬಿನಲ್ಲಿ ಮಂಗಳವಾರ ಉಡುಪಿ ಕಡೆಯ ಅಮ್ಮನೊಬ್ಬರು ಕೇಳಿದ ಈ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಹಿಡಿದಿದ್ದರು. ಐದು ನಿಮಿಷವಾದರೂ ಹತ್ತಿ ಕೆಂಪಾಗುತ್ತಲೇ ಇತ್ತು.

ಅವರ ಹೃದಯದಲ್ಲಿರುವುದು ಲೋಹದ ಮೈಟ್ರಲ್ ಕವಾಟ. ಅಂಥವರ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದರ ಅಳತೆ) ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು; ಬಂದದ್ದು 6.1. ಇಷ್ಟು ಬಂದರೆ ಮೊದಲ ಅನುಮಾನ ಟ್ಯೂಬಿನ ಮೇಲೆ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ 0.3 ಮಿ.ಲೀ. ಸಿಟ್ರೇಟ್ ಇರುತ್ತದೆ, ಗೆರೆಯವರೆಗೆ 2.7 ಮಿ.ಲೀ. ರಕ್ತ ತುಂಬಬೇಕು. ಕಡಿಮೆ ತುಂಬಿದರೆ ಮಿಕ್ಕ ಸಿಟ್ರೇಟ್, ಹೆಪ್ಪುಗಟ್ಟಿಸಲು ಪರೀಕ್ಷೆಯಲ್ಲಿ ಸೇರಿಸುವ ಕ್ಯಾಲ್ಸಿಯಮ್ಮನ್ನೂ ಹಿಡಿದುಕೊಂಡು ಐಎನ್‌ಆರ್ ಸುಳ್ಳುಸುಳ್ಳೇ ಏರುತ್ತದೆ. ಅಳತೆ ಸರಿಯಿತ್ತು. ಎರಡನೇ ಸಲ ರಕ್ತ ತೆಗೆದು ನೋಡಿದರೂ ಅದೇ: ಮಾತ್ರೆ ತೆಗೆದುಕೊಳ್ಳದವರಲ್ಲಿ 12 ಸೆಕೆಂಡಿಗೆ ಹೆಪ್ಪುಗಟ್ಟುವುದು ಇಲ್ಲಿ 73 ಸೆಕೆಂಡು ಹಿಡಿಯಿತು.

ಕಾರಣ ಅವರ ಗಂಡ ರಾಯರ ಪ್ಲಾಸ್ಟಿಕ್ ಕವರಿನಲ್ಲಿತ್ತು. ಪಾಪ, ಒಂದೊಂದು ರಿಪೋರ್ಟನ್ನೂ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದಾರೆ. ಅದರ ಅಡಿಯಲ್ಲೊಂದು ಮಾತ್ರೆಯ ಖಾಲಿ ಸ್ಟ್ರಿಪ್, ಮೆಟ್ರೊನಿಡಜೋಲ್ 400. ಹೆಂಡತಿಗೆ ಭೇದಿಯೆಂದು ಚೀಟಿಯಿಲ್ಲದೆ ಮೆಡಿಕಲ್‌ನಿಂದ ತಂದು ಐದು ದಿನ ಕೊಟ್ಟಿದ್ದರು. ಬೇರೆ ಯಾವ ಮಾತ್ರೆ ನಡೆದಿದೆ ಎಂದು ಆ ಅಂಗಡಿಯವನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಈ ಮಾತ್ರೆ, ಅಮ್ಮ ದಿನಾ ತೆಗೆದುಕೊಳ್ಳುವ, ಹೆಪ್ಪು ತಡೆಯುವ ಅಸೆನೊಕೌಮರಾಲ್ ಲಿವರಿನಲ್ಲಿ ಕರಗಿಹೋಗದಂತೆ ತಡೆಯುತ್ತದೆ. ಡೋಸು ಅದೇ, ಪರಿಣಾಮ ಎಷ್ಟೋ ಹೆಚ್ಚು.

ಮೇಲಿಂದ ಸೊಪ್ಪು ಬಂದ್. “ಆಟಿ ತಿಂಗಳಲ್ಲಿ ಕೆಸುವಿನೆಲೆಯ ಪತ್ರೊಡೆ ಕೂಡ ಮಾಡಲಿಲ್ಲ” ಎಂದರು. ಪಕ್ಕದ ಮನೆಯವರು ಬೇಡ ಅಂದರಂತೆ. “ರಕ್ತ ತೆಳು ಮಾಡುವ ಮಾತ್ರೆ” ಎಂಬ ಹೆಸರೇ ನನಗೆ ಹಿಡಿಸುವುದಿಲ್ಲ. ರಕ್ತವೇನೂ ತೆಳುವಾಗುವುದಿಲ್ಲ. ಹೆಪ್ಪುಗಟ್ಟಿಸುವ 2, 7, 9, 10ನೇ ಅಂಶಗಳನ್ನು ಲಿವರ್ ತಯಾರಿಸಲು ವಿಟಮಿನ್ ಕೆ ಬೇಕು; ಬಳಸಿದ ವಿಟಮಿನ್ ಮತ್ತೆ ಕೆಲಸಕ್ಕೆ ಬಾರದಂತೆ ಅಸೆನೊಕೌಮರಾಲ್ ಅಡ್ಡ ನಿಲ್ಲುತ್ತದೆ. ಡೋಸು ನಿಗದಿಯಾಗುವುದು ನೀವು ದಿನಾ ಉಣ್ಣುವ ಊಟಕ್ಕೆ ತಕ್ಕಂತೆ. ಬಸಳೆ, ಹರಿವೆ, ಕೆಸುವಿನೆಲೆ ಏಕಾಏಕಿ ನಿಂತರೆ ಐಎನ್‌ಆರ್ ಏರಬಹುದು. ವ್ರತ ಮುಗಿಯಿತೆಂದು ಒಂದೇ ವಾರ ಹೊಟ್ಟೆತುಂಬ ತಿಂದರೆ ಇಳಿದು ಕವಾಟದ ಮೇಲೆ ಹೆಪ್ಪು ಕೂರಬಹುದು. ಲೋಹದ ಕವಾಟದವರಿಗೆ ಹೆಪ್ಪು ತಡೆಯುವ ಹೊಸ ಮಾತ್ರೆಗಳು ಆಗುವುದಿಲ್ಲ, ಈ ಹಳೆಯದೇ ಗತಿ. ಹಾಗಿರುವಾಗ “ಸೊಪ್ಪು ತಿನ್ನಬೇಡಿ” ಎಂದು ಒಂದೇ ಮಾತಲ್ಲಿ ಹೇಳಿ ಕಳಿಸುವುದು ನಿಜಕ್ಕೂ ಅನ್ಯಾಯ.

ಕೂಡಲೇ ಡಾಕ್ಟರಿಗೆ ಫೋನ್ ಹೋಯಿತು. ಎರಡು ರಾತ್ರಿ ಅಸೆನೊಕೌಮರಾಲ್ ನಿಲ್ಲಿಸಿ, ಗುರುವಾರ ಮತ್ತೆ ನೋಡಿ ಎಂದರು. ಮಲ ಕಪ್ಪಾದರೆ, ತಲೆಗೆ ಪೆಟ್ಟಾದರೆ, ತಲೆನೋವು ಜೋರಾದರೆ ನೇರ ಆಸ್ಪತ್ರೆಗೆ.

ಗುರುವಾರ 3.2. ಹತ್ತಿ ಬೇಗ ಒಣಗಿತು. ಮಾತ್ರೆ ಸಂಜೆಯೇ ಯಾಕೆ ಎಂದು ರಾಯರು ಕೇಳಿದರು. ಬೆಳಿಗ್ಗೆ ಪರೀಕ್ಷೆಯಾದರೆ ಡೋಸು ಅಂದೇ ಬದಲಿಸಬಹುದಲ್ಲ. ಮರೆತದ್ದು ಅದೇ ದಿನ ನೆನಪಾದರೆ ತೆಗೆದುಕೊಳ್ಳಿ, ಮರುದಿನವಾದರೆ ಬಿಟ್ಟುಬಿಡಿ, ಎರಡು ಸೇರಿಸಬೇಡಿ ಎಂದೆ. ಅಮ್ಮ ನಡುವೆ ಬಾಯಿ ಹಾಕಿದರು: “ಹಾಗಾದ್ರೆ ಪತ್ರೊಡೆ?”

“ಡಾಕ್ಟರಿಗೆ ಹೇಳಿ ಶುರು ಮಾಡಿ ಅಮ್ಮಾ. ವಾರಕ್ಕೆ ಎರಡು ದಿನ ಸೊಪ್ಪು ಅಂದರೆ ಪ್ರತಿ ವಾರವೂ ಎರಡೇ ದಿನ, ಅಷ್ಟೇ ಅಳತೆ.”

ರಾಯರು ಜೇಬಿನ ಡೈರಿ ತೆಗೆದು, ಮಂಗಳವಾರ, ಶುಕ್ರವಾರ ಎಂದು ಬರೆದುಕೊಂಡರು.